ಸ್ಟ್ಯಾಂಪು ಕತ್ತರಿಸಿದ ಜಾಗದಲ್ಲಿ ಏನು ಬರೆದಿತ್ತು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮಮ್ಮ ನನ್ನನ್ನು ಅಟ್ಟ ಹತ್ತಿಸಿದಳು. ಮೂಲೆಯಲ್ಲಿ ತೊಲೆಗೆ ಸಿಕ್ಕಿಸಿದ್ದ ಒಂದು ತಂತಿ ಇಳಿಸಿಕೊಡಬೇಕಿತ್ತು. ತುದಿ ಬಗ್ಗಿಸಿದ ಕಬ್ಬಿಣದ ತಂತಿ, ಅದಕ್ಕೆ ಚುಚ್ಚಿಟ್ಟ ಕಾಗದಗಳು. ನಿಮ್ಮ ಅಜ್ಜನ ಮನೆಯಲ್ಲೂ ಇಂಥದ್ದೊಂದು ಇದ್ದಿರಬಹುದು. ಬಂದ ಕಾಗದ ಓದಿ ಆದಮೇಲೆ ತಂತಿಗೆ ಚುಚ್ಚಿಬಿಡುವುದು, ಅಷ್ಟೇ ಆಗಿನ ಫೈಲಿಂಗ್ ಸಿಸ್ಟಮ್. ಹಳೆಯದು ಕೆಳಗೆ, ಹೊಸದು ಮೇಲೆ. ನಾವು ಸ್ಟ್ಯಾಕ್ ಅಂತ ಕಾಲೇಜಿನಲ್ಲಿ ಓದಿದ್ದು ಇದನ್ನೇ.

ಧೂಳು ಒರೆಸಿ ಎಣಿಸಿದೆ. ಅಮ್ಮಮ್ಮನ ಅಣ್ಣ ಮುಂಬೈಯಿಂದ ಬರೆದ ಕಾಗದಗಳೇ ಮೂವತ್ತಾರು. ಹದಿನಾಲ್ಕು ಲಕೋಟೆ, ಇಪ್ಪತ್ತೆರಡು ಇನ್‌ಲ್ಯಾಂಡ್. ಮೂವತ್ತಾರಕ್ಕೆ ಮೂವತ್ತಾರರಲ್ಲೂ ಬಲಗಡೆ ಮೇಲಿನ ಮೂಲೆ ಇಲ್ಲ. ಚೌಕವಾಗಿ, ಸ್ವಲ್ಪ ಸೊಟ್ಟಗೆ, ಕತ್ತರಿಯಿಂದ ಕತ್ತರಿಸಿದ ಗುರುತು.

"ಇದು ನೀನು ಸಣ್ಣಿದ್ದಾಗ ಮಾಡಿದ್ದು, ತಮಾ," ಅಂದಳು ಅಮ್ಮಮ್ಮ. ಬೈಗುಳದ ದನಿ ಏನೂ ಇರಲಿಲ್ಲ.

ಹೌದು, ನಾನೇ. ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಎಲ್ಲರಿಗೂ ಸ್ಟ್ಯಾಂಪಿನ ಹುಚ್ಚು ಹಿಡಿದಿತ್ತು. ಬೇಸಿಗೆ ರಜೆಯಲ್ಲಿ ಬಂದವನು ಈ ತಂತಿ ಹಿಡಿದು ಕೂತು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಸಿದ್ದೆ. ಗೋಂದು ಇರಲಿಲ್ಲ. ಅನ್ನದ ಅಗುಳು ತಿಕ್ಕಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸಿದ್ದೆ.

ಅಮ್ಮಮ್ಮನ ಮನೆ ಯಾಣದ ಹತ್ತಿರದ ತೋಟದ ಮನೆ. ಈಗ ಯಾಣ ಅಂದರೆ ವೀಕೆಂಡ್ ಟ್ರಿಪ್, ಭೈರವೇಶ್ವರ ಶಿಖರದ ಮುಂದೆ ಒಂದು ಸೆಲ್ಫಿ. 'ನಮ್ಮೂರ ಮಂದಾರ ಹೂವೇ' ಸಿನಿಮಾ ಬಂದಮೇಲೆ ಜನಕ್ಕೆ ದಾರಿ ಗೊತ್ತಾಯಿತು. ಅದಕ್ಕೂ ಮೊದಲು ನಮ್ಮ ಕಡೆ ಒಂದು ಮಾತಿತ್ತು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ, ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ ಅಂತ. ಅಂಥಾ ಕಾಡುದಾರಿ. ಸೊಕ್ಕೂ ಇಲ್ಲದೆ ರೊಕ್ಕವೂ ಇಲ್ಲದೆ ಆ ದಾರಿಯಲ್ಲಿ ಓಡಾಡುತ್ತಿದ್ದವರು ಪೋಸ್ಟಿನವರು ಮಾತ್ರ ಇರಬೇಕು. ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ, ಬೀದಿಯೇ ಇಲ್ಲ. ಇದ್ದದ್ದು ಯಜಮಾನರ ಹೆಸರು, ಊರು, ತಾಲೂಕು. ಆ ಮೂರು ಸಾಲು ಸರಿಯಾಗಿ ಬರೆದಿದ್ದರೆ ಮುಂಬೈಯಿಂದ ಹೊರಟ ಕಾಗದ ಈ ಅಂಗಳಕ್ಕೆ ಬಂದು ಬೀಳುತ್ತಿತ್ತು. ಆಗ ಕುಮಟಾಕ್ಕೆ ರೈಲೂ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ.

ಹಾಗಾಗಿ ಲಕೋಟೆಯ ಮೇಲಿನ ಅಕ್ಷರ ಚಂದ ಇರಬೇಕಿತ್ತು. ಅದು ಬರೀ ಶೋಕಿಯಲ್ಲ. ಓಡುವ ಮೇಲ್ ವ್ಯಾನಿನಲ್ಲೋ ಮಂದ ಬಲ್ಬಿನ ಕೆಳಗೋ ನಿಂತು ಕಾಗದ ಬೇರ್ಪಡಿಸುವ ಅಪರಿಚಿತ ಮನುಷ್ಯನಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಮುಂಬೈ ಅಜ್ಜನ ಕಾಗದಗಳಲ್ಲಿ ಇದು ಎದ್ದು ಕಾಣುತ್ತದೆ. ಹೊರಗಿನ ವಿಳಾಸ ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೂರಿಸಿದ್ದಾರೆ. 'ಕುಮಟಾ' ಅನ್ನುವುದರ ಕೆಳಗೆ ಯಾವಾಗಲೂ ಒಂದು ಗೆರೆ. ಒಳಗೆ ಕನ್ನಡ, ಗುಂಡಗೆ, ಬಲಕ್ಕೆ ಸ್ವಲ್ಪ ವಾಲಿದ್ದು, ಒತ್ತಕ್ಷರಗಳೆಲ್ಲ ಓಡುವ ಅವಸರದಲ್ಲಿವೆ. ಹೊರಗಿನದು ಅಂಚೆ ಇಲಾಖೆಗೆ, ಒಳಗಿನದು ತಂಗಿಗೆ.

ಇನ್ನೊಂದು ವಿಷಯ ನಾನು ಎರಡನೇ ದಿನ ಗಮನಿಸಿದ್ದು. ಹೊರಗೆ ಎಲ್ಲಿಯೂ ತಂಗಿಯ ಹೆಸರಿಲ್ಲ. ಎಲ್ಲ ಕಾಗದವೂ ನನ್ನ ಅಜ್ಜನ ಹೆಸರಿಗೇ ಬಂದದ್ದು. ಬಿಚ್ಚಿದ ಮೇಲೆಯೇ "ಚಿ. ಸೌ. ತಂಗಿಗೆ ಆಶೀರ್ವಾದಗಳು, ಉಭಯ ಕುಶಲೋಪರಿ" ಅಂತ ಶುರು.

ನನ್ನ ತಪ್ಪಿನ ಗಾತ್ರ ನಿಧಾನಕ್ಕೆ ಗೊತ್ತಾಯಿತು. ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸೋಣ ಅಂತ ಕೂತೆ. ಮುಂಬೈ ಅಜ್ಜ ತಾರೀಖು ಹಾಕುತ್ತಿರಲಿಲ್ಲ. "ಶುಕ್ರವಾರ, ಶ್ರಾವಣ ಬಹುಳ ಪಂಚಮಿ" ಅಂತ ಬರೆದರೆ ಮುಗಿಯಿತು, ಇಸವಿ ಯಾಕೆ? ಇಸವಿ ಇರುವುದು ಅಂಚೆ ಮುದ್ರೆಯಲ್ಲಿ. ಮುದ್ರೆ ಬೀಳುವುದು ಸ್ಟ್ಯಾಂಪಿನ ಮೇಲೆ. ಅಂದರೆ ಹತ್ತು ವರ್ಷದ ಹುಡುಗ ಮೂವತ್ತಾರು ರೆಕಾರ್ಡಿನ ಟೈಮ್‌ಸ್ಟ್ಯಾಂಪ್ ಡಿಲೀಟ್ ಮಾಡಿದ್ದ, ಬ್ಯಾಕಪ್ ಇಲ್ಲದೆ.

ಪೂರ್ತಿ ಕೈಬಿಡುವ ಹಾಗೂ ಇರಲಿಲ್ಲ. ವಿಳಾಸವೇ ಒಂದಷ್ಟು ಹೇಳುತ್ತದೆ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು, 1973ರ ನವೆಂಬರ್ 1ಕ್ಕೆ ಅದೇ ರಾಜ್ಯ ಕರ್ನಾಟಕ ಆಯಿತು. ಹಾಗಾಗಿ 'ಮೈಸೂರು ರಾಜ್ಯ' ಅಂತ ಇದ್ದರೆ ಆ ಹದಿನೇಳು ವರ್ಷದ ಒಳಗಿನದು (ಹೊಸ ಹೆಸರು ರೂಢಿಯಾಗಲು ಹಿಡಿದ ಒಂದೆರಡು ವರ್ಷ ಸೇರಿಸಿಕೊಳ್ಳಿ). ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. 581ರಿಂದ ಶುರುವಾಗುವ ಸಂಖ್ಯೆ ಇದ್ದರೆ ಅದರ ನಂತರದ್ದು. ಲಕೋಟೆಯ ಹಿಂಬದಿಯಲ್ಲಿ ತಲುಪಿದ ಅಂಚೆ ಕಚೇರಿಯ ಮುದ್ರೆ ಬೀಳುವ ಪದ್ಧತಿಯೂ ಇತ್ತು. ಐದಾರರಲ್ಲಿ ಅದು ಓದುವಷ್ಟು ಉಳಿದಿದೆ. ಉಳಿದವುಗಳಲ್ಲಿ ಮಸಿ ಹರಡಿ ದೋಸೆಯಾಗಿದೆ.

ಲಕೋಟೆಯದ್ದು ಬಿಡಿ, ಅಲ್ಲಿ ಹೋದದ್ದು ಮುದ್ರೆ ಮಾತ್ರ. ಇನ್‌ಲ್ಯಾಂಡ್ ಕತೆಯೇ ಬೇರೆ. ನೀವು ಇನ್‌ಲ್ಯಾಂಡ್ ನೋಡಿಲ್ಲದಿದ್ದರೆ ಹೇಳಿಬಿಡುತ್ತೇನೆ. ತೆಳು ನೀಲಿ ಹಾಳೆ ಒಂದೇ. ಅದನ್ನೇ ಮಡಚಿ ಅಂಟಿಸಿದರೆ ಲಕೋಟೆ. ಸ್ಟ್ಯಾಂಪು ಹಾಳೆಯ ಮೇಲೇ ಅಚ್ಚಾಗಿರುತ್ತದೆ. ಅದರ ಬೆನ್ನಿಗೆ ಇರುವುದು ಬರವಣಿಗೆ. ಸ್ಟ್ಯಾಂಪು ಕತ್ತರಿಸಿದರೆ ಕಾಗದದ ನಾಲ್ಕೈದು ಸಾಲು ಅದರ ಜೊತೆಗೇ ಹೋಗುತ್ತದೆ. ಒಂದು ಕಾಗದ ಹೀಗಿದೆ: "ಚೌತಿಗೆ ಬರಬೇಕೆಂದಿದ್ದೆ ಆದರೆ" — ಅಲ್ಲಿಂದ ಕಿಟಕಿ. ಕಿಟಕಿಯ ಆಚೆ ನನ್ನ ಕೈಬೆರಳು ಕಾಣಿಸುತ್ತಿತ್ತು.

ಅಮ್ಮಮ್ಮನನ್ನು ಕೇಳಿದೆ, ಇಲ್ಲೇನಿತ್ತು ನೆನಪಿದೆಯಾ?

"ದುಡ್ಡಿಂದೇ ಬರದಿಕ್ಕು. ಮತ್ತೆಂತ ಬರೀತ ಅಂವ?"

ಪುಣ್ಯಕ್ಕೆ ನೋಟ್‌ಬುಕ್ ಬೆಂಗಳೂರಿನ ಮನೆಯ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಅನ್ನದ ರುಚಿಗೆ ಬೆಳ್ಳಿಮೀನು ಹುಳ ಅಂಚು ತಿಂದಿತ್ತು. ಇಪ್ಪತ್ತೆರಡರಲ್ಲಿ ಹದಿನೇಳು ಇನ್‌ಲ್ಯಾಂಡ್ ತುಂಡುಗಳು ಸಿಕ್ಕವು. ಉಳಿದ ಐದನ್ನು ಶಾಲೆಯಲ್ಲಿ ಬದಲಿಗೆ ಕೊಟ್ಟಿದ್ದೆ. ಒಂದಕ್ಕೆ ಸಿಕ್ಕಿದ್ದು ಹಡಗಿನ ಚಿತ್ರದ ಫಾರಿನ್ ಸ್ಟ್ಯಾಂಪು ಅಂತ ಈಗಲೂ ನೆನಪಿದೆ. ಯಾವ ಹುಡುಗನ ಮನೆಯ ಕಸಕ್ಕೆ ನಮ್ಮ ಮನೆಯ ನಾಲ್ಕು ಸಾಲು ಹೋಯಿತೋ.

ಇರುವ ಹದಿನೇಳನ್ನು ಬಿಡಿಸುವುದು ಹೇಗೆ? ಸ್ಟ್ಯಾಂಪು ಸಂಗ್ರಹಿಸುವವರಿಗೆ ಗೊತ್ತಿರುವ ಉಪಾಯ ಒಂದೇ, ನೀರಿನಲ್ಲಿ ನೆನೆಸುವುದು. ಅಂಟು ಬಿಡುತ್ತದೆ, ಸ್ಟ್ಯಾಂಪು ತೇಲುತ್ತದೆ. ಆದರೆ ಮುಂಬೈ ಅಜ್ಜ ಬರೆದದ್ದು ಮಸಿ ಪೆನ್ನಿನಲ್ಲಿ. ಅಂಚೆ ಮುದ್ರೆಯ ಎಣ್ಣೆ ಮಸಿ ನೀರಿಗೆ ಜಗ್ಗುವುದಿಲ್ಲ. ಪೆನ್ನಿನ ನೀಲಿ ಮಸಿ ಅನ್ನದ ಅಂಟಿಗಿಂತ ಮೊದಲೇ ಕರಗಿ ಹೋಗುತ್ತದೆ. ಅಂದರೆ ಸ್ಟ್ಯಾಂಪು ಉಳಿಸಿಕೊಳ್ಳಬಹುದು, ಅಕ್ಷರ ಅಲ್ಲ.

ಬೆಂಗಳೂರು ಜಿಪಿಒದಲ್ಲಿ ಫಿಲಾಟೆಲಿ ವಿಭಾಗ ಇದೆ. ಹೊಸ ಸ್ಟ್ಯಾಂಪು ಕೊಳ್ಳಲು ಬರುವವರಲ್ಲಿ ಹಳೆಯ ತಲೆಗಳೂ ಇರುತ್ತಾರೆ. ಅಂಥ ಒಬ್ಬರಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಕತ್ತರಿಸಿದ್ದನ್ನು ನೋಡಿ ಮೊದಲು ಲೊಚಗುಟ್ಟಿದರು. ಅವರು ಹೇಳಿದ್ದು, ಬಳಸಿದ ಸ್ಟ್ಯಾಂಪು ಬಿಡಿಯಾಗಿದ್ದರೆ ಬಹುಪಾಲು ಚಿಲ್ಲರೆ ಬೆಲೆಯದ್ದು. ಲಕೋಟೆ ಪೂರ್ತಿಯಾಗಿದ್ದರೆ ಅದು ಎಲ್ಲಿಂದ, ಯಾವಾಗ, ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ ಬಂತು ಅಂತ ಹೇಳುತ್ತದೆ. ಅವರ ಹತ್ತಿರ ಬರೀ ವಿಳಾಸದ ಕೈಬರಹ ಚಂದ ಇದೆ ಅಂತಲೇ ಇಟ್ಟುಕೊಂಡ ಲಕೋಟೆಗಳಿವೆಯಂತೆ. ಮಾರಿದರೆ ಯಾರೂ ಕೊಳ್ಳುವುದಿಲ್ಲ ಅಂತ ಅವರೇ ನಕ್ಕರು. ಸಂಡೇ ಬಜಾರಿನಲ್ಲೂ ಆನ್‌ಲೈನಿನಲ್ಲೂ ಯಾರದೋ ಮನೆಯ ಕಾಗದಗಳು ಕಟ್ಟಿನ ಲೆಕ್ಕದಲ್ಲಿ ಬರುತ್ತವೆ. ಹೊರಗಿನ ಅಕ್ಷರ ನೋಡಿ ಕೊಳ್ಳುವುದು ಸರಿ. ಒಳಗಿನದನ್ನು ಓದುವುದು ನನಗ್ಯಾಕೋ ಸಂಕೋಚ.

ಅವರು ಕೊಟ್ಟ ಸಲಹೆ ತೀರಾ ಸರಳ. "ನೀರು ಮುಟ್ಟಿಸಬೇಡಿ. ಬೆಳಕು ಹಿಡಿದು ನೋಡಿ."

ಆ ರಾತ್ರಿ ನೋಟ್‌ಬುಕ್ಕಿನ ಹಾಳೆಯನ್ನು ಮಗುಚಿ, ಸ್ಟ್ಯಾಂಪಿನ ಕಡೆಯಿಂದ ಫೋನಿನ ಟಾರ್ಚ್ ಬಿಟ್ಟೆ. ಹಾಳೆಯ ಬೆನ್ನಿನಲ್ಲಿ ಮಸುಕಾಗಿ ನೀಲಿ ಗೆರೆಗಳು ಮೂಡಿದವು, ಉಲ್ಟಾ ಅಲ್ಲ, ನೆಟ್ಟಗೆ. ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಕೆಂಪು ಚಾನೆಲ್ ಮಾತ್ರ ಇಟ್ಟು ನೋಡಿದರೆ ನೀಲಿ ಮಸಿ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಯಾವ ತುಂಡು ಯಾವ ಕಿಟಕಿಯದ್ದು ಅನ್ನುವುದಕ್ಕೆ ನನ್ನ ಸೊಟ್ಟ ಕತ್ತರಿಯೇ ಸಾಕ್ಷಿ. ಮುದ್ರೆಯ ಅರ್ಧಚಂದ್ರ ಅಲ್ಲೊಂದು, ಇಲ್ಲೊಂದು; ಕೂಡಿಸಿದರೆ ವೃತ್ತ. ಮೂರು ವಾರದ ರಾತ್ರಿಗಳಲ್ಲಿ ಹನ್ನೊಂದು ಕೂಡಿದವು. ಉಳಿದವು ಅನ್ನದ ಗಂಟಿನ ಕೆಳಗೆ ಸಿಕ್ಕಿಕೊಂಡಿವೆ.

ಚೌತಿಯ ಕಾಗದವೂ ಕೂಡಿತು. "ಚೌತಿಗೆ ಬರಬೇಕೆಂದಿದ್ದೆ ಆದರೆ ರಜೆ ಇಲ್ಲ. ಅರವತ್ತು ರೂಪಾಯಿ ಎಂ.ಓ. ಮಾಡಿದ್ದೇನೆ. ನಿನಗೊಂದು" — ಆಮೇಲಿನ ಪದ ಅನ್ನದ ಅಗುಳಿನ ಕೆಳಗಿದೆ. ಸೀರೆಯೋ, ಬಳೆಯೋ, ಮತ್ತೇನೋ.

ಫೋನ್ ಮಾಡಿ ಓದಿ ಹೇಳಿದೆ.

"ನಾ ಹೇಳಿದ್ನಲ, ದುಡ್ಡಿಂದೇ ಅಂತ," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಮ್ಮೆ ಓದು ಅಂದಳು.

ಒಂದು ಬಗೆಯ ಕಾಗದ ಆ ತಂತಿಯಲ್ಲಿ ಇರಲೇ ಇಲ್ಲ, ಯಾರ ಮನೆಯಲ್ಲೂ ಸಿಗುವುದು ಕಷ್ಟ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಮುಂಬೈ ಅಜ್ಜ ತೀರಿಕೊಂಡ ಸುದ್ದಿಯೂ ಹಾಗೇ ಹೋಗಿದೆ. ಅರಿಸಿನ ಹಚ್ಚಿದ ಮದುವೆ ಕಾಗದಗಳು ಮಾತ್ರ ಬಣ್ಣದ ಸಮೇತ ಉಳಿದಿವೆ.

ನಿಮ್ಮ ಮನೆಯಲ್ಲೂ ಇಂಥ ತಂತಿ ಇದ್ದರೆ ಎರಡು ಮಾತು. ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹತ್ತಿರ ತರಬೇಡಿ, ಹತ್ತು ವರ್ಷದಲ್ಲಿ ಟೇಪು ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಮಳೆಗಾಲಕ್ಕೆ ಮೊದಲು ಎರಡೂ ಬದಿಯ ಫೋಟೋ ತೆಗೆದು, ಒಣಗಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿಯಲು ಒಂದು ಆಷಾಢ ಸಾಕು. ಕಿಟಕಿ ಮಾಡಿದ್ದರೆ ನನ್ನ ಹಾಗೆ ಟಾರ್ಚ್ ಹುಡುಕಿ.

ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ಜೋಡಿಸಿದ ಹನ್ನೊಂದನ್ನೂ ಪ್ರಿಂಟ್ ಹಾಕಿಸಿ ತೋರಿಸಿದೆ. ಅಮ್ಮಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನೋಡಿ, ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಪಟ್ಟೆಸೀರೆಯ ಮಡಿಕೆಯ ನಡುವೆ ಇಟ್ಟಿದ್ದ ಒಂದು ಲಕೋಟೆ ತಂದಳು. ಮೂವತ್ತೇಳನೆಯದು. ತಂತಿಯ ತೂತಿಲ್ಲ. ಮೂಲೆಯಲ್ಲಿ ಸ್ಟ್ಯಾಂಪು, ಸ್ಟ್ಯಾಂಪಿನ ಮೇಲೆ ಮುದ್ರೆ, ಮುದ್ರೆಯಲ್ಲಿ 1961 ಅಂತ ಸ್ಪಷ್ಟವಾಗಿ. ವಿಳಾಸದ ಮೊದಲ ಸಾಲಿನಲ್ಲಿ ಅಮ್ಮಮ್ಮನ ಹೆಸರು, ಬಿಡಿಬಿಡಿಯಾದ ಅದೇ ಅಕ್ಷರದಲ್ಲಿ, ಕೆಳಗೊಂದು ಗೆರೆ.

"ಇದ್ನ ನಿಂಗೆ ಆಗ ಕೊಟ್ಟಿದ್ನಿಲ್ಲೆ," ಅಂದಳು.

ಎರಡೂ ಬದಿಯ ಫೋಟೋ ತೆಗೆಯಲು ಬಿಟ್ಟಳು. ಒಳಗಿನದನ್ನು ಬಿಚ್ಚಲು ಬಿಡಲಿಲ್ಲ. ಮತ್ತೆ ಸೀರೆಯ ನಡುವೆ ಇಟ್ಟು ಟ್ರಂಕು ಮುಚ್ಚಿದಳು.