ಗಬ್ಬದ ಹಸು ಅವಧಿಗೆ ಮುನ್ನ ಕಂದು ಹಾಕುವುದೇಕೆ?

ಮೂಡಿಗೆರೆ, ಕಳಸದ ಕಡೆ ಹಸು ಏಳನೆಯ ತಿಂಗಳಿಗೆ ಕಂದು ಹಾಕಿದರೆ, ಇಳಿಜಾರಿನಲ್ಲಿ ಜಾರಿತು, ಇನ್ನೊಂದು ಹಸು ಹಾಯಿತು, ದೃಷ್ಟಿ ತಾಗಿತು ಎಂದು ಕಾರಣ ಹುಡುಕುವುದುಂಟು. ಪೆಟ್ಟಿನಿಂದ ಕಂದು ಹಾಕುವುದೇ ಇಲ್ಲವೆಂದಲ್ಲ. ಆದರೆ ಒಂದೇ ಕೊಟ್ಟಿಗೆಯ ಎರಡು ಮೂರು ಹಸುಗಳು ಐದು ತಿಂಗಳು ತುಂಬಿದ ಮೇಲೆ ಒಂದಾದ ಮೇಲೊಂದು ಕಂದು ಹಾಕಿದರೆ ಇಳಿಜಾರನ್ನು ದೂರಿ ಫಲವಿಲ್ಲ, ಸೋಂಕನ್ನು ಸಂಶಯಿಸಬೇಕು. ಇಂತಹ ಸೋಂಕುಗಳಲ್ಲಿ ಮುಖ್ಯವಾದುದು ಬ್ರೂಸೆಲ್ಲೋಸಿಸ್ ಅಥವಾ ಕಂದು ರೋಗ. ಇದರ ರೋಗಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಪತ್ತೆ ಮಾಡಿದರು. ಇಲಿಯ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೋಸ್ಪೈರಾ ಸಹ ಮಳೆನಾಡಿನಲ್ಲಿ ಮರೆಯಬಾರದ ಇನ್ನೊಂದು ಕಾರಣ.

ಗರ್ಭದ ಕರುವಿನ ಮಾಸು ತಾಯಿಯ ಗರ್ಭಕೋಶಕ್ಕೆ ಗುಂಡಿ ಹಾಕಿದಂತೆ ಹಲವಾರು ಕಡೆ ಅಂಟಿಕೊಂಡಿರುತ್ತದೆ. ತಾಯಿಯಿಂದ ಕರುವಿಗೆ ಆಹಾರ, ಪ್ರಾಣವಾಯು ಹೋಗುವುದು ಈ ಗುಂಡಿಗಳ ಮೂಲಕವೇ. ಕಂದು ರೋಗದ ಅಣುಗಳು ಮೇವು, ನೀರಿನೊಂದಿಗೆ ದೇಹ ಸೇರಿ, ಹಸು ಗಬ್ಬವಾದಾಗ ಇಲ್ಲಿ ನೆಲೆಯೂರಿ ಬೆಳೆಯುತ್ತವೆ. ಗುಂಡಿಗಳಲ್ಲಿ ಉರಿಯೂತವಾಗಿ ಅವು ಊದಿ, ಕೊಳೆತು, ಕರುವಿಗೆ ಆಹಾರ ಸಾಗುವುದು ತಗ್ಗುತ್ತದೆ. ಕರು ಒಳಗೇ ಸಾಯಬಹುದು. ಇಲ್ಲವೇ ಸಂಕಟಕ್ಕೀಡಾದ ಕರುವಿನ ದೇಹದಲ್ಲೇ ಹೆರಿಗೆಯನ್ನು ಪ್ರಾರಂಭಿಸುವ ರಸಗಳು ಕಾಲಕ್ಕೆ ಮುಂಚೆ ಉತ್ಪತ್ತಿಯಾಗುತ್ತವೆ. ಉರಿಯೂತದಿಂದ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಗರ್ಭಕೋಶವನ್ನು ಸಂಕುಚಿಸುತ್ತದೆ. ಹುಟ್ಟಿದ ಕರು ಬದುಕಿದ್ದರೂ ನಿತ್ರಾಣವಾಗಿರುತ್ತದೆ. ಹಸುವಿಗೆ ಸತ್ತೆ ಬೀಳುವುದಿಲ್ಲ, ಹಾಲು ಇಳಿಯುತ್ತದೆ. ಬಸುರಿಯ ಗರ್ಭದ ಪೊರೆಗಳಿಗೆ ಸೋಂಕು ತಗಲಿ 37 ವಾರಕ್ಕೆ ಮೊದಲೇ ಹೆರಿಗೆಯಾಗುವಾಗಲೂ ಉರಿಯೂತದ ಕೆಲಸ ಬಹುಮಟ್ಟಿಗೆ ಹೀಗೆಯೇ.

ಮೋಸ ಹೋಗುವುದು ಮುಂದಿನ ವರ್ಷ. ಒಮ್ಮೆ ಕಂದು ಹಾಕಿದ ಹಸು ಮರುಬಾರಿ ಸಾಮಾನ್ಯವಾಗಿ ದಿನ ತುಂಬಿಯೇ ಈಯುತ್ತದೆ. ರೋಗ ಹೋಯಿತೆಂದು ರೈತರು ನೆಮ್ಮದಿಯಾಗುತ್ತಾರೆ. ಆದರೆ ಆ ಹಸು ಹಾಲಿನಲ್ಲಿ, ಈದಾಗಿನ ಸ್ರಾವದಲ್ಲಿ ರೋಗಾಣುಗಳನ್ನು ಹೊರಹಾಕುತ್ತಲೇ ಇರಬಹುದು. ಸೊಪ್ಪು, ದರಗು ಹಾಸಿದ ತೇವದ ಕೊಟ್ಟಿಗೆ, ಬಿಸಿಲು ಬೀಳದ ತೋಟದ ನೆಲ ಅವು ವಾರಗಟ್ಟಲೆ ಬದುಕಲು ಹೇಳಿ ಮಾಡಿಸಿದ ಜಾಗ. ಸತ್ತೆಯನ್ನು ಹಾಲು ಬರುವ ಮರಕ್ಕೆ ಕಟ್ಟುವ ಪದ್ಧತಿ ಕೆಲವೆಡೆ ಇದೆ. ಅದನ್ನು ನಾಯಿ ಎಳೆದು ಹಳ್ಳಕ್ಕೆ ಹಾಕಿದರೆ ಕೆಳಗಿನ ಮನೆಯ ದನಗಳಿಗೂ ರೋಗ ಇಳಿಯಿತೆಂದೇ ತಿಳಿಯಬೇಕು. ಸತ್ತೆ, ಸತ್ತ ಕರು, ನೆನೆದ ಹಾಸು ಎಲ್ಲವನ್ನೂ ನೀರಿನ ಸೆಲೆಯಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಸರಿಯಾದ ಕ್ರಮ.

ಈ ರೋಗ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಬೆವರು ಇದರ ಲಕ್ಷಣಗಳು. ಹಾಲು ಕಾಯಿಸಿ ಕುಡಿಯುವ ಮನೆಗಳಲ್ಲಿ ಹಾಲಿಗಿಂತ ಬರಿಗೈಯೇ ಹೆಚ್ಚು ಅಪಾಯ. ಕೈಗವಸಿಲ್ಲದೆ ಸತ್ತೆ ಎಳೆಯಬಾರದು. ಬಸುರಿಯರು ಆ ಕೆಲಸಕ್ಕೆ ಹೋಗಲೇಬಾರದು. ಸೋಂಕು ತಗಲಿದರೆ ಗರ್ಭಪಾತ, ಅಕಾಲ ಹೆರಿಗೆ ಆಗಬಹುದು.

ರೋಗ ಹಿಡಿದ ಹಸುವಿಗೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಬೇಕು. ಹೊಸದಾಗಿ ಕೊಳ್ಳುವ ಹಸುವಿಗೂ ಅಷ್ಟೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕಲಾಗುತ್ತದೆ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಇದನ್ನು ಹಾಕುವಂತಿಲ್ಲ. ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಸೂಜಿ ಹಿಡಿಯುವ ಕೆಲಸವನ್ನು ಪಶುವೈದ್ಯ ಸಿಬ್ಬಂದಿಗೇ ಬಿಡಬೇಕು.