ಬಿಸಿಲಿನ ಸತ್ತ್ವವೂ ಹಿರಿಯ ತಾಯಂದಿರ ಹೃದಯವೂ

ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ‘ಡಿ’ ಜೀವಸತ್ತ್ವವು ಎಲುಬುಗಳಿಗೆ ಅವಶ್ಯವೆಂಬುದನ್ನು ನಾವೆಲ್ಲರೂ ಬಲ್ಲೆವು. ಇದು ಕಡಮೆಯಿರುವ ವೃದ್ಧೆಯರಲ್ಲಿ ಹೃದ್ರೋಗವು ಹೆಚ್ಚೆಂಬುದೂ ಕಂಡುಬಂದಿದೆ. ಹಾಗಾದರೆ ಗುಳಿಗೆಯನ್ನು ನುಂಗಿದ ಮಾತ್ರಕ್ಕೆ ಹೃದಯಕ್ಕೆ ರಕ್ಷೆ ದೊರೆತೀತೆ?

ಅಮೆರಿಕದಲ್ಲಿ ಮುಟ್ಟು ನಿಂತ 36,282 ಮಂದಿ ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕ್ಯಾಲ್ಸಿಯಂನೊಡನೆ ದಿನಕ್ಕೆ 400 ಯೂನಿಟ್ ಜೀವಸತ್ತ್ವವನ್ನೂ, ಇನ್ನೊಂದಕ್ಕೆ ಸತ್ತ್ವವಿಲ್ಲದ ಗುಳಿಗೆಯನ್ನೂ ಸುಮಾರು 7 ವರ್ಷ ಕೊಟ್ಟು ನೋಡಿದರು. ಹೃದ್ರೋಗದಲ್ಲಿ ಭೇದವೇನೂ ಕಾಣಲಿಲ್ಲವೆಂದು 2007ರಲ್ಲಿ ಪ್ರಕಟವಾಯಿತು. ಸ್ತ್ರೀಪುರುಷರಿಬ್ಬರಿಗೂ 2,000 ಯೂನಿಟ್ ಕೊಟ್ಟ ಇನ್ನೊಂದು ಪರೀಕ್ಷೆಯ ಫಲವೂ 2018ರಲ್ಲಿ ಹಾಗೆಯೇ ಬಂದಿತು. ಅಸ್ವಸ್ಥರು ಬಿಸಿಲಿಗೆ ಬಾರದೆ ಒಳಗೇ ಇರುವುದರಿಂದಲೂ ಸತ್ತ್ವವು ಕುಗ್ಗಬಹುದಷ್ಟೆ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯಿದು: ಎಲುಬಿಗಾಗಿ ವೈದ್ಯರು ಹೇಳಿದ ಗುಳಿಗೆಯನ್ನು ಬಿಡದಿರಿ, ಆದರೆ ಅದನ್ನೇ ನಂಬಿ ರಕ್ತದ ಒತ್ತಡ, ಸಕ್ಕರೆಗಳ ಪರೀಕ್ಷೆಯನ್ನೂ ನಿತ್ಯದ ನಡಿಗೆಯನ್ನೂ ಮರೆಯದಿರಿ.