ಬೀಡಿಗೂ ಕ್ಷಯಕ್ಕೂ ಏನು ಸಂಬಂಧ?



ಕಳೆದ ತಿಂಗಳು ಜುಮಾ ಮುಗಿದ ಮೇಲೆ ಒಬ್ಬ ಯುವಕ ನಮ್ಮ ಬಳಿ ಬಂದು, "ಉಸ್ತಾದರೇ, ಉಪ್ಪನಿಗೆ ಟಿಬಿ ಅಂತ ಗೊತ್ತಾಗಿದೆ, ದುಆ ಮಾಡಿ" ಎಂದ. ದುಆ ಮಾಡಿದೆವು. "ಬೀಡಿ ಬಿಟ್ಟಿದ್ದಾರಾ?" ಎಂದು ಕೇಳಿದಾಗ ಅವನಿಗೆ ಆಶ್ಚರ್ಯವಾಯಿತು. "ಬೀಡಿಯಿಂದ ಬರುವುದು ಕ್ಯಾನ್ಸರ್ ಅಲ್ಲವಾ? ಟಿಬಿ ಬರುವುದು ರೋಗಾಣುವಿನಿಂದ."

ರೋಗಾಣುವಿನ ಬಗ್ಗೆ ಅವನು ಹೇಳಿದ್ದು ಸರಿ. ಕ್ಷಯ ಅಂಟುರೋಗ. ರೋಗಿ ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ತೋರಿಸಿದವರು ಚೆನ್ನೈಯ ಸಂಶೋಧಕಿ ಡಾ. ವಿ. ಗಜಲಕ್ಷ್ಮಿ. ಇಂಗ್ಲೆಂಡಿನ ರಿಚರ್ಡ್ ಪೀಟೊ ಮತ್ತಿತರರೊಡನೆ ಅವರು ಮಾಡಿದ ಅಧ್ಯಯನ 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿ ಬಹಳಷ್ಟು ಸಾವುಗಳು ಮನೆಯಲ್ಲೇ ಆಗುತ್ತವೆ. ಕಾರಣ ದಾಖಲೆಗೆ ಸರಿಯಾಗಿ ಸೇರುವುದಿಲ್ಲ. ಆದ್ದರಿಂದ ಕಾರ್ಯಕರ್ತರು ಮೃತರ ಮನೆಗಳಿಗೇ ಹೋದರು. ಕೊನೆಯ ದಿನಗಳಲ್ಲಿ ಏನೇನು ತೊಂದರೆ ಇತ್ತು, ಸೇದುವ ಅಭ್ಯಾಸ ಇತ್ತೇ ಎಂದು ಮನೆಯವರನ್ನು ಕೇಳಿ ಬರೆದುಕೊಂಡರು. ಸಾವಿನ ಮನೆಯಲ್ಲಿ ಇಂತಹ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂಬುದು ಜನಾಝಾದ ಮನೆಗಳಿಗೆ ಹೋಗಿ ಬರುವ ನಮಗೆ ಗೊತ್ತು. ಚೆನ್ನೈ ನಗರ ಮತ್ತು ವಿಲ್ಲುಪುರಂನ ಹಳ್ಳಿಗಳಲ್ಲಿ ಹೀಗೆ ತೀರಿಹೋದ 43,000 ಗಂಡಸರ ವಿವರ ಸೇರಿಸಿ, ಬದುಕಿರುವ 35,000 ಗಂಡಸರ ವಿವರದೊಂದಿಗೆ ಹೋಲಿಸಿದರು.

ಸೇದದವರಿಗಿಂತ ಸೇದುವವರು ಕ್ಷಯದಿಂದ ಸಾಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಧೂಮಪಾನದಿಂದ ಹೆಚ್ಚಾದ ಸಾವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಉಸಿರಾಟದ ರೋಗಗಳಿಂದ, ಅದರಲ್ಲೂ ಮುಖ್ಯವಾಗಿ ಕ್ಷಯದಿಂದ ಆಗಿದ್ದವು. ಕ್ಯಾನ್ಸರ್‌ನ ಪಾಲು ಅದಕ್ಕಿಂತ ಬಹಳ ಕಡಿಮೆ. ಭಾರತದಲ್ಲಿ ಕ್ಷಯದಿಂದ ಸಾಯುವ ಗಂಡಸರಲ್ಲಿ ಅರ್ಧದಷ್ಟು ಜನರ ಸಾವಿಗೆ ಧೂಮಪಾನವೂ ಕಾರಣ ಎಂದು ಅಧ್ಯಯನ ಹೇಳಿತು. "ಸಿಗರೇಟು ಕೆಟ್ಟದ್ದು, ಬೀಡಿ ಎಲೆಯದ್ದಲ್ಲವಾ" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಆ ಹಳ್ಳಿಗಳಲ್ಲಿ ಹೆಚ್ಚಾಗಿ ಸೇದುತ್ತಿದ್ದದ್ದು ಬೀಡಿಯನ್ನೇ.

ಇದು ಹೇಗೆ? ಕ್ಷಯದ ರೋಗಾಣು ಒಳಗೆ ಹೋದವರೆಲ್ಲರೂ ಕಾಯಿಲೆ ಬೀಳುವುದಿಲ್ಲ. ನಮ್ಮ ದೇಶದಲ್ಲಿ ಕೋಟ್ಯಂತರ ಜನರ ಶ್ವಾಸಕೋಶದಲ್ಲಿ ಅದು ಸುಮ್ಮನೆ ಮಲಗಿದೆ. ಅಲ್ಲಾಹನು ದೇಹದಲ್ಲಿ ಇಟ್ಟಿರುವ ಕಾವಲಿನ ಕಣಗಳು ಅದನ್ನು ಸುತ್ತುಗಟ್ಟಿ ಕೂಡಿಹಾಕಿರುತ್ತವೆ. ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಕಫವನ್ನೂ ಧೂಳನ್ನೂ ಮೇಲಕ್ಕೆ ಗುಡಿಸುತ್ತಿರುತ್ತವೆ. ಹೊಗೆ ಆ ರೋಮಗಳನ್ನು ಹಾಳು ಮಾಡುತ್ತದೆ, ಕಾವಲಿನ ಕಣಗಳ ಬಲ ಕುಗ್ಗಿಸುತ್ತದೆ. ಆಗ ಮಲಗಿದ್ದ ರೋಗ ಏಳುತ್ತದೆ. ಹಾಗೆ ಎದ್ದ ರೋಗ ಸೇದಿದವನಲ್ಲೇ ನಿಲ್ಲುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಹೆಂಡತಿಗೆ, ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಮೊಮ್ಮಗುವಿಗೆ ತಗಲುತ್ತದೆ. ಕ್ಯಾನ್ಸರ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. "ನನ್ನ ದೇಹ, ನನ್ನ ಬೀಡಿ" ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಇದನ್ನು ಬರೆಯುವಾಗ ನಮಗೆ ಸಂಕೋಚವೂ ಇದೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳು ಉಮ್ಮಂದಿರು ಬೀಡಿ ಕಟ್ಟಿದ ಹಣದಿಂದ ನಿಂತಿವೆ. ಮಕ್ಕಳ ಶಾಲೆಯ ಫೀಸು ಕಟ್ಟಿದ್ದೂ ಅದೇ ಹಣ. ಆ ತಾಯಂದಿರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಮಡಿಲಲ್ಲಿ ಮೊರವಿಟ್ಟು ಕಟ್ಟುತ್ತಿರುವ ಆ ಬೀಡಿ ಯಾರ ಎದೆಗೆ ಹೋಗುತ್ತದೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಮಾತ್ರೆಯೂ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಪೌಷ್ಟಿಕ ಆಹಾರಕ್ಕೆಂದು ಸರಕಾರ ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಹಾಕುತ್ತದೆ. ಹೆಣ್ಣುಮಕ್ಕಳ ಸಂಬಂಧ ಕೆಟ್ಟೀತು ಎಂದು ರೋಗ ಮುಚ್ಚಿಡುವವರನ್ನು ನೋಡಿದ್ದೇವೆ. ಮುಚ್ಚಿಟ್ಟ ಮನೆಯಲ್ಲೇ ಅದು ಹೆಚ್ಚು ಹರಡುತ್ತದೆ. ಮಾತ್ರೆ ನುಂಗುತ್ತಾ ಬೀಡಿ ಸೇದಿದರೆ ಗುಣವಾಗುವುದು ಕಷ್ಟ, ಗುಣವಾದ ಮೇಲೂ ರೋಗ ಮರಳುವ ಭಯ ಹೆಚ್ಚು. ಬಿಡಲು ನೆರವು ಬೇಕಾದವರು 1800-11-2356ಕ್ಕೆ ಕರೆ ಮಾಡಬಹುದು, ಹಣ ಖರ್ಚಾಗುವುದಿಲ್ಲ.

ಆ ಯುವಕನ ಉಪ್ಪನನ್ನು ಮೊನ್ನೆ ನೋಡಿ ಬಂದೆವು. ಮಾತ್ರೆ ಶುರುವಾಗಿ ಮೂರು ವಾರ. ದಿನಕ್ಕೊಂದು ಕಟ್ಟು ಇದ್ದದ್ದು ನಾಲ್ಕು ಬೀಡಿಗೆ ಇಳಿದಿದೆಯಂತೆ. "ನಾಲ್ಕು ತಾನೇ ಉಸ್ತಾದರೇ" ಎಂದು ನಕ್ಕರು. ನಾವು ನಗಲಿಲ್ಲ. ಮುಂದಿನ ಜುಮಾಕ್ಕೆ ಮತ್ತೆ ಕೇಳುತ್ತೇವೆ ಎಂದು ಹೇಳಿ ಬಂದಿದ್ದೇವೆ.